ಮನೆಯಲ್ಲಿ ಹೇಳದೆ ಉಳಿಸಿಕೊಂಡ ಒಂದು ಮಾತು

ಶಿರಾದಿಂದ ಹೊರಟು ಬಡವನಹಳ್ಳಿ, ಮಧುಗಿರಿ ದಾಟಿ ಕೊರಟಗೆರೆಗೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ನಾನು ಡ್ರೈವರ್ ಆಗಿದ್ದೆ. ಮನೆ ಮಧುಗಿರಿಯಲ್ಲಿ. ಅರವತ್ತರ ದಶಕದ ನಡುವಿನ ಮಾತು. ಆಗ ನನಗೆ ಮೂವತ್ತೆಂಟು ವರ್ಷ. ಕಾಯಿಲೆ ಯಾವ ದಿನ ಶುರುವಾಯಿತು ಎಂದು ಕೇಳಿದರೆ ಹೇಳಲಾರೆ. ಮೊದಲು ಹೋದದ್ದು ಬಾಯಿರುಚಿ. ನನ್ನ ಹೆಂಡತಿ ಓಬಳಮ್ಮ ಮಾಡುತ್ತಿದ್ದ ಹುರುಳಿ ಸಾರೆಂದರೆ ನನಗೆ ಪ್ರಾಣ. ಒಂದು ದಿನ ಅದು ಬರೀ ಬಿಸಿನೀರಿನಂತಿತ್ತು. ಉಪ್ಪು ಹಾಕಿಲ್ಲವೇ ಎಂದು ಕೇಳಿದೆ. ಅವಳು ಬೆರಳದ್ದಿ ನೆಕ್ಕಿ, ಸರಿಯಾಗಿಯೇ ಇದೆ ಎಂದಳು.

ಆಮೇಲೆ ನಿದ್ದೆ ಹೋಯಿತು. ಕೋಳಿ ಕೂಗುವ ಮೊದಲೇ ಎಚ್ಚರವಾಗಿ, ಎದೆಯ ಮೇಲೆ ರಾಗಿ ಮೂಟೆ ಇಟ್ಟಂತೆ ಮಲಗಿರುತ್ತಿದ್ದೆ. ಏಳಬೇಕು, ಬಸ್ಸಿಗೆ ನೀರು ಹಾಕಬೇಕು ಎಂದುಕೊಳ್ಳುವುದೇ ದೊಡ್ಡ ಕೆಲಸವಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹಾಕಿಕೊಂಡೆ. ಮಗಳು ಗೌರಿಗೆ ಆಗ ನಾಲ್ಕು ವರ್ಷ. ಅವಳು ತೊಡೆಯೇರಿ ಕೂತರೆ ಅವಳನ್ನು ಇಳಿಸಿಬಿಡುತ್ತಿದ್ದೆ. ಇಳಿಸಿದ ಮೇಲೆ, ನಾನು ಅಪ್ಪನಾಗಲು ಲಾಯಕ್ಕಿಲ್ಲದವನು ಎಂದು ಅನ್ನಿಸುತ್ತಿತ್ತು.

ಎಲ್ಲರೂ ಕೇಳುತ್ತಿದ್ದದ್ದು ಒಂದೇ: ನಿನಗೇನು ಕಮ್ಮಿಯಾಗಿದೆ? ನಿಜಕ್ಕೂ ಏನೂ ಕಮ್ಮಿಯಿರಲಿಲ್ಲ. ಅದಕ್ಕೇ ಆ ಪ್ರಶ್ನೆ ನನ್ನನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಿತ್ತು. ಶಿರಾದ ಹತ್ತಿರದ ಗೊಲ್ಲರಹಟ್ಟಿಯಲ್ಲಿದ್ದ ನನ್ನ ಅಕ್ಕ, ಯಾರೋ ಮಾಟ ಮಾಡಿಸಿದ್ದಾರೆ ಎಂದು ತೋಳಿಗೆ ತಾಯತ ಕಟ್ಟಿಸಿದಳು. ಮಧುಗಿರಿಯ ಡಾಕ್ಟರೊಬ್ಬರು ಕೆಂಪು ಬಣ್ಣದ ಟಾನಿಕ್ ಕೊಟ್ಟರು. ಎರಡರಿಂದಲೂ ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಬಡವನಹಳ್ಳಿ ಬಿಟ್ಟು ಕೆರೆ ಏರಿಯ ಮೇಲೆ ಬರುತ್ತಿದ್ದೆವು. ಎಡಕ್ಕೆ ನೀರು, ಬಲಕ್ಕೆ ಗದ್ದೆ. ಸ್ಟೇರಿಂಗ್ ಒಂದಿಷ್ಟು ಸಡಿಲ ಬಿಟ್ಟರೆ ಎಲ್ಲ ಮುಗಿದುಹೋಗುತ್ತದಲ್ಲ ಎಂಬ ಯೋಚನೆ ಬಂತು. ಯಾರೋ ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದ ಹಾಗಿತ್ತು. ಹಿಂದೆ ನಲವತ್ತು ಜನ ಕೂತಿದ್ದಾರೆ ಎಂಬುದು ನೆನಪಾದದ್ದು ಆಮೇಲೆ. ಮೈಯೆಲ್ಲ ಬೆವೆತುಹೋಯಿತು. ಮಧುಗಿರಿ ಸ್ಟ್ಯಾಂಡಿನಲ್ಲಿ ಜನ ಇಳಿದ ಮೇಲೂ ನಾನು ಸೀಟು ಬಿಟ್ಟು ಏಳಲಿಲ್ಲ.

ಕಂಡಕ್ಟರ್ ಖಾದರ್ ಶಿರಾದವನು, ನನಗಿಂತ ಐದಾರು ವರ್ಷ ಚಿಕ್ಕವನು. ಅವನು ಬಂದು ಬಾನೆಟ್ಟಿನ ಪಕ್ಕ ಕೂತ. ಅವನಿಗೆ ಅರ್ಧ ಹೇಳಿದೆ, ಅರ್ಧ ಅವನೇ ತಿಳಿದುಕೊಂಡ. "ಅಣ್ಣಾ, ಇದು ತಾಯತದ ಕೆಲ್ಸ ಅಲ್ಲ. ನಮ್ಮ ಚಾಚಾಗೂ ಇಂಗೇ ಆಗಿತ್ತು. ಬೆಂಗ್ಳೂರಿಗೆ ನಡಿ, ನಾನೂ ಬರ್ತೀನಿ," ಎಂದ.

ಅವನು ಹೇಳಿದ್ದು ಬೆಂಗಳೂರಿನ ಮನೋರೋಗದ ಆಸ್ಪತ್ರೆ, ನಮ್ಮ ಕಡೆ ಅದಕ್ಕೆ ಹುಚ್ಚಾಸ್ಪತ್ರೆ ಎಂದೇ ಹೆಸರು. ಒಳಗೆ ಹೋದವನನ್ನು ಹೊರಗೆ ಬಿಡುವುದಿಲ್ಲ ಎಂದು ಕೇಳಿದ್ದೆ. ಗೇಟಿನ ಹತ್ತಿರ ನಿಂತು ಖಾದರನಿಗೆ, ನನ್ನನ್ನು ಒಳಗೇ ಇಟ್ಟುಕೊಂಡರೆ ಓಬಳಮ್ಮನಿಗೆ ಏನು ಹೇಳಬೇಕು ಎಂದು ಹೇಳಿಕೊಟ್ಟೆ. ಅವನು ಕೇಳಿಸಿಕೊಂಡು, ನನ್ನ ತೋಳು ಹಿಡಿದು ಒಳಗೆ ನಡೆಸಿದ.

ಉದ್ದನೆಯ ವರಾಂಡದಲ್ಲಿ ಬೆಂಚುಗಳಿದ್ದವು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದ ಹೆಂಗಸು, ಗೋಡೆಯ ಕಡೆ ತಿರುಗಿ ನಿಂತಿದ್ದ ಮೇಷ್ಟರಂತಿದ್ದ ಮನುಷ್ಯ, ಇವರನ್ನೆಲ್ಲ ನೋಡುತ್ತ ನಾನು ಇವರಂತಲ್ಲ ಎಂದುಕೊಳ್ಳುತ್ತಿದ್ದೆ. ಅವರೂ ನನ್ನನ್ನು ನೋಡಿ ಹಾಗೆಯೇ ಅಂದುಕೊಂಡಿರಬೇಕು. ಪಕ್ಕದಲ್ಲಿ ಒಬ್ಬ ಮುದುಕಿ ಬೆಳೆದ ಮಗನಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ನನ್ನ ಕೈಗೂ ಒಂದು ತುತ್ತು ಇಟ್ಟಳು. "ಉಣ್ಣಪ್ಪ. ಹೋದ್ ತಿಂಗ್ಳು ಇವ್ನೂ ನಿನ್ನಂಗೇ ಕುಂತಿದ್ದ, ಬಾಯ್ ಬಿಡ್ತಿರ್ಲಿಲ್ಲ," ಎಂದಳು. ರುಚಿ ತಿಳಿಯಲಿಲ್ಲ, ಆದರೂ ನುಂಗಿದೆ.

ಡಾಕ್ಟರು ಕನ್ನಡಕ ಹಾಕಿದ, ಮೆಲುದನಿಯ ಮನುಷ್ಯ. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದರು. ಸಾಯುವ ಯೋಚನೆ ಬರುತ್ತದೆಯೇ ಎಂದೂ, ಹೊಟ್ಟೆನೋವು ಇದೆಯೇ ಎಂದು ಕೇಳುವ ಹಾಗೆ, ಸಹಜವಾಗಿ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅವರು ಕಾದರು. ಆಮೇಲೆ, "ಇದು ಖಿನ್ನತೆ ಅನ್ನೋ ಕಾಯಿಲೆ. ಸೋಮಾರಿತನ ಅಲ್ಲ, ದೆವ್ವ ಅಲ್ಲ. ಈಗ ಇದಕ್ಕೆ ಔಷಧಿ ಬಂದಿದೆ," ಎಂದರು.

ಆ ಗುಳಿಗೆಗಳು ಸಣ್ಣಗೆ, ಕಂದುಗೆಂಪು ಬಣ್ಣಕ್ಕಿದ್ದವು. ಹೇಗೆ ತೆಗೆದುಕೊಳ್ಳಬೇಕೆಂದು ಡಾಕ್ಟರು ನಿಧಾನವಾಗಿ ಹೇಳಿದರು. ಮೊದಲು ಸಂಜೆಗೆ ಒಂದೇ, ನಾಲ್ಕು ದಿನವಾದ ಮೇಲೆ ಎರಡು. ಗುಣ ಕಾಣಲು ಮೂರು ನಾಲ್ಕು ವಾರ ಬೇಕು. ಅಷ್ಟರೊಳಗೆ ಆತುರಪಟ್ಟು ಹೆಚ್ಚು ನುಂಗಬಾರದು, ಕೆಲಸ ಮಾಡಲಿಲ್ಲವೆಂದು ನಿಲ್ಲಿಸಲೂಬಾರದು. ಬಾಯಿ ಒಣಗುತ್ತದೆ, ಕೈ ನಡುಗಬಹುದು, ತಟ್ಟನೆ ಎದ್ದರೆ ತಲೆ ತಿರುಗುತ್ತದೆ. ಹೆಂಡ ಸಾರಾಯಿ ಮುಟ್ಟಬಾರದು. ಹಕೀಮರದ್ದಾಗಲಿ, ನಾಟಿಯದ್ದಾಗಲಿ, ಬೇರೆ ಔಷಧಿಯನ್ನು ತಮಗೆ ಹೇಳದೆ ತೆಗೆದುಕೊಳ್ಳಬಾರದು. ಮನೆಯಲ್ಲಿ ಮಗು ಇರುವುದರಿಂದ ಗುಳಿಗೆಗಳನ್ನು ಕೈಗೆಟುಕದ ಕಡೆ ಇಟ್ಟು, ಹೆಂಡತಿಯೇ ದಿನವೂ ಎಣಿಸಿ ಕೊಡಬೇಕು. ಮನಸ್ಸಿನಲ್ಲಿ ಕೆಟ್ಟ ಯೋಚನೆ ಹೆಚ್ಚಾದರೆ ಅವತ್ತೇ ಬರಬೇಕು. ಅವರು ಕೊಟ್ಟದ್ದು ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಕೊನೆಗೆ, ನಾನು ಎದ್ದು ನಿಂತ ಮೇಲೆ, ಪೆನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು. "ನಾನು ಹೇಳೋವರೆಗೂ ಬಸ್ಸು ಓಡಿಸಬೇಡಿ. ಮಂಪರು ಬರುತ್ತೆ, ಕಣ್ಣು ಮಂಜಾಗುತ್ತೆ. ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ."

ಹೊರಗೆ ಬಂದಾಗ ಖಾದರ್ ಕೇಳಿದ್ದೇ ಅದನ್ನು: ಗಾಡಿ ಓಡಿಸಬಹುದಂತಾ? ನಾನು ಹೂಂ ಎಂದು ತಲೆಯಾಡಿಸಿದೆ. ಮನೆಯಲ್ಲಿ ಓಬಳಮ್ಮನಿಗೆ ಉಳಿದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಆ ಒಂದು ಮಾತನ್ನು ಮಾತ್ರ ನುಂಗಿಕೊಂಡೆ. ಸ್ಟೇರಿಂಗ್ ಬಿಟ್ಟರೆ ನಾನು ಯಾರು ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಿಂದ ಇಳಿಸಿದ ಡ್ರೈವರನನ್ನು ಜನ ಏನೆಂದು ಕೇಳುತ್ತಾರೆ, ನಾನು ಏನೆಂದು ಉತ್ತರ ಹೇಳಲಿ? ಅದಕ್ಕಿಂತ ಸುಮ್ಮನೆ ಓಡಿಸುವುದೇ ಸುಲಭವೆಂದು ಕಂಡಿತು.

ಓಬಳಮ್ಮ ಗುಳಿಗೆಗಳನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಟ್ಟಳು. ಗೌರಿ ಅವನ್ನು ಒಮ್ಮೆ ನೋಡಿ ಪೆಪ್ಪರಮೆಂಟು ಬೇಕೆಂದು ಹಟ ಹಿಡಿದ ಮೇಲೆ, ಡಬ್ಬಿಯ ಮುಚ್ಚಳದ ಮೇಲೆ ಬಟ್ಟೆ ಕಟ್ಟಿ ಗಂಟು ಹಾಕಿದಳು. ದಿನವೂ ಸಂಜೆ ಗಂಟು ಬಿಚ್ಚಿ, ಗುಳಿಗೆಯನ್ನು ನನ್ನ ಅಂಗೈಗಿಟ್ಟು, ಒಂದು ಲೋಟ ನೀರು ಕೊಡುತ್ತಿದ್ದಳು. ಡಾಕ್ಟರು ಹೇಳಿದ್ದೆಲ್ಲ ಒಂದೊಂದಾಗಿ ಬಂತು. ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಲೋಟ ಎತ್ತಿದರೆ ಕೈ ನಡುಗುತ್ತಿತ್ತು. ಬೆಳಿಗ್ಗೆ ಚಾಪೆಯಿಂದ ಎದ್ದರೆ ಕಣ್ಣಿಗೆ ಕತ್ತಲೆ ಕವಿದು ಗೋಡೆ ಹಿಡಿದುಕೊಳ್ಳುತ್ತಿದ್ದೆ. ಬರಬೇಕಾದ ಗುಣ ಮಾತ್ರ ಬಂದಿರಲಿಲ್ಲ.

ಒಂಬತ್ತನೆಯ ದಿನ ಬಡವನಹಳ್ಳಿ ಸಂತೆ. ಬಸ್ಸಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಟಾಪಿನ ಮೇಲೆ ಕಡಲೆಕಾಯಿ ಚೀಲ, ಕಂಬಳಿ ಗಂಟು, ಅದರ ಮೇಲೆ ಜನ. ಊರು ಬಿಟ್ಟು ಎರಡು ಮೈಲಿ ಬಂದಿರಬಹುದು. ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು. ಏರಿಯ ಮೇಲಿನ ಮೊದಲ ಹೊಂಗೆ ಮರ ಕಂಡದ್ದು ನೆನಪಿದೆ. ಎರಡನೆಯದು ನೆನಪಿಲ್ಲ.

ಖಾದರನ ಸೀಟಿ ಕಿವಿಯೊಳಗೇ ಊದಿದಂತೆ ಕೇಳಿತು. ಕಣ್ಣು ಬಿಟ್ಟರೆ ಮುಂದೆ ರಸ್ತೆಯಿರಲಿಲ್ಲ, ನೀರಿತ್ತು. ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಬಸ್ಸು ಜಾರಿ, ಅಡ್ಡ ತಿರುಗಿ, ಮುಂದಿನ ಎಡ ಚಕ್ರ ಏರಿಯ ಅಂಚಿನಿಂದ ಆಚೆ ಹೋಗಿ ನಿಂತಿತು. ಕಲ್ಲೊಂದು ಕಳಚಿ ಉರುಳಿ ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಒಂದು ಮಗು ಅತ್ತಿತು. ಖಾದರ್ ಬಾಗಿಲಲ್ಲಿ ನಿಂತು, ನೂಕಾಡಬೇಡಿ, ಹಿಂದಿನವರು ಕೂತಿರಿ, ಮುಂದಿನವರು ಒಬ್ಬೊಬ್ಬರೇ ಇಳಿಯಿರಿ ಎಂದು ಹೇಳುತ್ತ ಜನರನ್ನು ಇಳಿಸಿದ. ಒಬ್ಬನ ತುಟಿ ಒಡೆದಿತ್ತು. ಒಂದು ಮುದುಕಿಯ ಮಂಡಿ ತರಚಿತ್ತು. ಅಷ್ಟೇ.

ನಾನು ಇಳಿದು ಮಣ್ಣಿನಲ್ಲೇ ಕೂತೆ. ಜನ ಸುತ್ತ ನಿಂತರು. ಕುಡಿದಿದ್ದಾನೆ ಎಂದು ಒಬ್ಬ ಹೇಳಿದ. ಇನ್ನೊಬ್ಬ ಬಗ್ಗಿ ನನ್ನ ಬಾಯಿ ಮೂಸಿ ನೋಡಿ, ವಾಸನೆ ಇಲ್ಲ ಎಂದ. ಹಾಗಾದರೆ ಏನಾಯಿತು ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಮೂರೇ ಪದ.

"ಬ್ರೇಕ್ ಸರಿಯಾಗಿ ಹಿಡೀಲಿಲ್ಲ."

ಆ ಸುಳ್ಳು ಹೋಗಿ ಬಿದ್ದದ್ದು ಪಾಷಾ ಮಿಸ್ತ್ರಿಯ ತಲೆಯ ಮೇಲೆ. ಅವರು ಮಧುಗಿರಿ ಷೆಡ್ಡಿನಲ್ಲಿ ನಮ್ಮ ಮಾಲೀಕರ ಮೂರೂ ಬಸ್ಸು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು, ಐವತ್ತು ದಾಟಿದವರು. ಅವತ್ತು ಸಂಜೆ ಮಾಲೀಕರು ಎಲ್ಲರೆದುರಿಗೇ, ಸೋಮವಾರದಿಂದ ಬರಬೇಡ ಎಂದು ಅವರಿಗೆ ಹೇಳಿದರು. ಪಾಷಾ ಮಿಸ್ತ್ರಿ, "ಮೊನ್ನೆ ನಾನೇ ನೋಡಿದ್ದೆ ಸಾಮಿ, ಬ್ರೇಕ್ ಪಕ್ಕಾ ಇತ್ತು," ಎಂದು ಹೇಳಿ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಅವರು ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕಿಕೊಂಡು ಹೋದರು.

ಇದಕ್ಕೆಲ್ಲ ಆ ಗುಳಿಗೆಯೇ ಕಾರಣವೆಂದು ನಾನು ಅದನ್ನು ನಿಲ್ಲಿಸಿಬಿಟ್ಟೆ. ಓಬಳಮ್ಮ ಅಂಗೈಗಿಟ್ಟಾಗ ಬಾಯಿಗೆ ಹಾಕಿಕೊಂಡಂತೆ ಮಾಡಿ, ಖಾಕಿ ಅಂಗಿಯ ಜೇಬಿಗೆ ಇಳಿಸುತ್ತಿದ್ದೆ. ಬಸ್ಸು ರಿಪೇರಿಗೆ ನಿಂತಿದ್ದರಿಂದ ನಾನು ಮನೆಯಲ್ಲೇ ಇದ್ದೆ. ಎರಡನೆಯ ದಿನ ಹೊಟ್ಟೆ ತೊಳಸತೊಡಗಿತು. ಮೂರನೆಯ ದಿನ ಬೆವರು, ನಿದ್ದೆ ಸೊನ್ನೆ, ಒಂದು ಕಡೆ ಕೂರಲಾಗದ ತಳಮಳ. ಏರಿಯ ಮೇಲೆ ಬಂದಿದ್ದ ಆ ಯೋಚನೆ ಈಗ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಶಯ ನನ್ನನ್ನು ಹಿಂಡುತ್ತಿತ್ತು. ಅವತ್ತು ನಾನು ನಿಜವಾಗಿ ನಿದ್ದೆ ಹೋದೆನೇ, ಇಲ್ಲ ಬೇಕೆಂದೇ ಕೈಬಿಟ್ಟೆನೇ?

ನಾಲ್ಕನೆಯ ದಿನ ಓಬಳಮ್ಮ ಬಟ್ಟೆ ನೆನೆಹಾಕುತ್ತಿದ್ದಳು. ನನ್ನ ಅಂಗಿಯ ಜೇಬಿನಿಂದ ನೀರಿಗೆ ಕೆಂಪು ಇಳಿಯುತ್ತಿತ್ತು. ಕೈ ಹಾಕಿ ನೋಡಿದಳು. ಕರಗಿದ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಎದುರಿಗೆ ಬಂದು ಕೂತಳು. ಅವಳ ತವರು ಪಾವಗಡದ ಆಚೆ. ಕೋಪ ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಅಬದ್ಧಂ ಚೆಪ್ಪೊದ್ದು," ಎಂದಳು, ಸುಳ್ಳು ಹೇಳಬೇಡ ಎಂದು. ದನಿ ಏರಿಸಲಿಲ್ಲ.

ಎಲ್ಲ ಹೇಳಿದೆ. ಡಾಕ್ಟರು ಬಸ್ಸು ಓಡಿಸಬೇಡ ಎಂದದ್ದು, ಬ್ರೇಕಿನ ಸುಳ್ಳು, ಪಾಷಾ ಮಿಸ್ತ್ರಿ. ಕೆರೆಯ ಯೋಚನೆಯನ್ನೂ ಹೇಳಿದೆ. ನಿದ್ದೆ ಹೋದೆನೋ, ಕೈಬಿಟ್ಟೆನೋ ನನಗೇ ಗೊತ್ತಿಲ್ಲ ಎಂದೆ. ಹಿಂದೆ ಅಷ್ಟು ಜನ ಕೂತಿದ್ದರು, ನಾನೆಂಥ ಪಾಪಿ ಎಂದೆ.

ಅವಳು ಅಂಗೈಯ ಕೆಂಪನ್ನು ಸೆರಗಿಗೆ ಒರೆಸಿಕೊಂಡಳು.

"ಬಸ್ನಾಗೆ ಅಷ್ಟು ಜನ ಇದ್ರು ಅಂತೀಯ," ಎಂದಳು. "ನೀನೂ ಇದ್ದೆ ಕಣಯ್ಯ ಅದ್ರಾಗೆ. ನಿನ್ನ ಲೆಕ್ಕಕ್ಕೇ ಇಡಲಿಲ್ವಲ್ಲ ನೀನು."

ಮರುದಿನ ಬೆಳಿಗ್ಗೆ ಗೌರಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅವಳೂ ನನ್ನೊಂದಿಗೆ ಮಾಲೀಕರ ಮನೆಗೆ ಬಂದಳು. ಅವರು ಜಗುಲಿಯ ಮೇಲೆ ಪೇಪರು ಓದುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಆಸ್ಪತ್ರೆಯ ಹೆಸರನ್ನೂ ಹೇಳಿದೆ. ಅವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. "ಅಷ್ಟು ಜನರ ಜೀವ ಕಣ್ಲಾ ಜುಂಜಣ್ಣ," ಎಂದರು. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಓಬಳಮ್ಮನ ಕಡೆ ತಿರುಗಿ, ಇವನಿಗೆ ವಾಸಿಯಾಗುತ್ತದಂತಾ ಎಂದು ಕೇಳಿದರು. ಡಾಕ್ಟರು ಆಗುತ್ತದೆ ಎಂದಿದ್ದಾರೆ, ಅವರು ಹೇಳಿದ್ದನ್ನು ಇವರೇ ಕೇಳಲಿಲ್ಲ ಎಂದಳು. ಮಾಲೀಕರು ನನಗೆ, ಸ್ಟೇರಿಂಗ್ ಮುಟ್ಟಕೂಡದು, ಷೆಡ್ಡಿನಲ್ಲಿ ಕೆಲಸ ಮಾಡಿಕೊಂಡಿರು, ಮಿಸ್ತ್ರಿಯನ್ನು ನೀನೇ ಹೋಗಿ ಕರೆದುಕೊಂಡು ಬಾ ಎಂದರು.

ಪಾಷಾ ಮಿಸ್ತ್ರಿಯ ಮನೆ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದೆ. ಕಾಯಿಲೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಕೇಳಿಸಿಕೊಂಡರು. ಒಳಗೆ ಬಾ ಎನ್ನಲಿಲ್ಲ. "ಇಪ್ಪತ್ತೆರಡು ವರ್ಷದ ಕೆಲ್ಸ ನಂದು," ಎಂದಷ್ಟೇ ಹೇಳಿ, ಗೋಣಿಚೀಲ ಹೆಗಲಿಗೆ ಹಾಕಿಕೊಂಡು ನನಗಿಂತ ಹತ್ತು ಹೆಜ್ಜೆ ಮುಂದೆ ಷೆಡ್ಡಿಗೆ ನಡೆದರು.

ಆ ವಾರವೇ ಓಬಳಮ್ಮ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಗದರುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಅವಳಿಗೆ ಎಲ್ಲವನ್ನೂ ಇನ್ನೊಂದು ಸಲ ಹೇಳಿದರು, ಅವಳಿಂದ ಒಂದೊಂದನ್ನೂ ಬಾಯಿಬಿಟ್ಟು ಹೇಳಿಸಿದರು. ತಟ್ಟನೆ ನಿಲ್ಲಿಸಿದ್ದರಿಂದಲೇ ಆ ತೊಳಸಾಟ, ಬೆವರು ಹೆಚ್ಚಾಗಿತ್ತು, ಈ ಗುಳಿಗೆ ಬಿಡುವುದಾದರೂ ನಿಧಾನವಾಗಿ ಇಳಿಸಿ ಬಿಡಬೇಕು ಎಂದರು. ಮತ್ತೆ ಒಂದರಿಂದ ಶುರುಮಾಡಿದರು. ಹೊರಡುವಾಗ ನಾನು ಆ ಸಂಶಯವನ್ನು ಅವರ ಮುಂದಿಟ್ಟೆ.

ಅವರು ಕೇಳಿದರು, "ಕಣ್ಣು ಬಿಟ್ಟಾಗ ಮೊದಲು ಏನು ಮಾಡಿದಿರಿ?"

"ಬ್ರೇಕ್ ತುಳಿದೆ ಸ್ವಾಮಿ."

"ಎಷ್ಟು ಜೋರಾಗಿ?"

"ಎರಡೂ ಕಾಲಲ್ಲಿ."

"ಹಾಗಾದ್ರೆ ಅದನ್ನ ನೆನಪಿಟ್ಕೊಳ್ಳಿ," ಎಂದರು. ಆ ಮಾತು ನನಗೆ ಗುಳಿಗೆಯಷ್ಟೇ ಬೇಕಾಗಿತ್ತು.

ಆಮೇಲಿನ ಮೂರು ತಿಂಗಳು ಷೆಡ್ಡಿನಲ್ಲಿ ಕಳೆದೆ. ಬಸ್ಸಿನಡಿ ಮಲಗಿರುತ್ತಿದ್ದ ಪಾಷಾ ಮಿಸ್ತ್ರಿಯ ಕೈಗೆ ಸ್ಪ್ಯಾನರ್ ಕೊಡುವುದು, ಚಕ್ರ ತೊಳೆಯುವುದು, ಗ್ರೀಸ್ ಹಚ್ಚುವುದು. ಅವರು ಸ್ಪ್ಯಾನರಿನ ನಂಬರು ಮಾತ್ರ ಹೇಳುತ್ತಿದ್ದರು, ಬೇರೆ ಮಾತಿಲ್ಲ. ಸ್ಟ್ಯಾಂಡಿನಲ್ಲಿ ಜನ ನನ್ನನ್ನು ನೋಡಿ ಪಿಸುಗುಟ್ಟುತ್ತಿದ್ದರು. ಒಬ್ಬಾತ ಹುಚ್ಚು ಬಿಟ್ಟಿತಾ ಎಂದು ಕೇಳಿಯೇಬಿಟ್ಟ. ಅವತ್ತು ಬಸ್ಸಿನಡಿಯಿಂದ ಪಾಷಾ ಮಿಸ್ತ್ರಿಯ ದನಿ ಬಂತು. "ಹತ್ತನೇ ನಂಬರ್ ಕೊಡು. ಅವ್ನಿಗೆ ಉತ್ರ ಕೊಡ್ಬೇಡ." ಅಂದಿನಿಂದ ಮಧ್ಯಾಹ್ನದ ಟೀ ಎರಡು ಲೋಟ ಬರತೊಡಗಿತು.

ಗುಣ ಬಂದದ್ದು ಒಂದೇ ದಿನಕ್ಕಲ್ಲ. ಮೊದಲು ಬೆಳಗಿನ ಎಚ್ಚರ ಅರ್ಧ ಗಂಟೆ ತಡವಾಯಿತು. ನಾಲ್ಕನೆಯ ವಾರವಿರಬೇಕು, ಊಟಕ್ಕೆ ಕೂತಾಗ ಸಾರು ಖಾರವಾಗಿದೆ ಎಂದೆ. ಓಬಳಮ್ಮ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಇನ್ನೊಂದು ಸಲ ಹೇಳು ಎಂದಳು. ಖಾರವಾಗಿದೆ ಎಂದೆ. ಅವಳು ಒಲೆಯ ಕಡೆ ತಿರುಗಿಕೊಂಡಳು. ಅಳುತ್ತಿದ್ದಾಳೆಂದು ಹಿಂದಿನಿಂದಲೇ ಗೊತ್ತಾಯಿತು. ಆಮೇಲೆ ಒಂದು ವಾರ ಚೆನ್ನಾಗಿದ್ದೆ, ಮತ್ತೆ ನಾಲ್ಕು ದಿನ ಕುಸಿದೆ. ಆಗ ಗುಳಿಗೆ ಎರಡು ಹೆಚ್ಚು ನುಂಗಿಬಿಡೋಣ ಎನ್ನಿಸಿದ್ದುಂಟು. ಡಬ್ಬಿಯ ಗಂಟು ಅವಳ ಕೈಯಲ್ಲಿದ್ದದ್ದು ಒಳ್ಳೆಯದಾಯಿತು.

ಒಟ್ಟು ಒಂದೂವರೆ ವರ್ಷ ಆ ಗುಳಿಗೆ ತೆಗೆದುಕೊಂಡೆ. ಡಾಕ್ಟರೇ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಕೆಲವು ವರ್ಷಗಳಾದ ಮೇಲೆ ಕಾಯಿಲೆ ಇನ್ನೊಮ್ಮೆ ಬಂತು. ಆ ಸಲ ಬಾಯಿರುಚಿ ಹೋದ ವಾರವೇ ನಾನೇ ಹೋಗಿ ಮಾಲೀಕರಿಗೆ ಹೇಳಿ, ಬಸ್ಸಿನಿಂದ ಇಳಿದು, ಬೆಂಗಳೂರಿನ ಬಸ್ಸು ಹತ್ತಿದೆ. ಈಗಲೂ ನಾಚಿಕೆಯಾಗುವುದು ಕಾಯಿಲೆ ಬಂದದ್ದಕ್ಕಲ್ಲ, ಆ ಮೊದಲ ಒಂಬತ್ತು ದಿನಗಳಿಗೆ. ಇದನ್ನು ಓದುವವರಲ್ಲಿ ಯಾರಾದರೂ ಅಂಥದೊಂದು ಗುಳಿಗೆ ಹಿಡಿದುಕೊಂಡು ಕೂತಿದ್ದರೆ, ಡಾಕ್ಟರು ಹೇಳಿದ್ದರಲ್ಲಿ ನಿಮಗೆ ಬೇಡವಾದ ಮಾತನ್ನೂ ಮನೆಯವರಿಗೆ ಹೇಳಿ. ಅಷ್ಟೇ ನನ್ನ ಕೋರಿಕೆ.

ಇನ್ನು ಮತ್ತೆ ಸ್ಟೇರಿಂಗ್ ಹಿಡಿದ ದಿನದ ಮಾತು. ನಾಲ್ಕನೆಯ ತಿಂಗಳು ಡಾಕ್ಟರು ಕಣ್ಣು, ಕೈ ಎಲ್ಲ ನೋಡಿ, ಓಬಳಮ್ಮನನ್ನೂ ಕೇಳಿ, ಇನ್ನು ಓಡಿಸಬಹುದು ಎಂದು ಚೀಟಿ ಬರೆದುಕೊಟ್ಟರು. ಮಾಲೀಕರು ಚೀಟಿಯನ್ನು ಎರಡು ಸಲ ಓದಿದರು. ಆದರೂ ಅವರಿಗೆ ಧೈರ್ಯ ಬರಲಿಲ್ಲ. ಮೊದಲು ಖಾಲಿ ಬಸ್ಸು ತೆಗೆದುಕೊಂಡು ಕೊರಟಗೆರೆಗೆ ಹೋಗಿ ಬಾ, ಪಕ್ಕದಲ್ಲಿ ಯಾರಾದರೂ ಕೂತಿರಲಿ ಎಂದರು. ಯಾರು ಕೂರುತ್ತಾರೆ ಎಂದು ಕೇಳಿದಾಗ ಷೆಡ್ಡಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಾದರ್ ಬೇರೆ ಬಸ್ಸಿನಲ್ಲಿ ಶಿರಾಕ್ಕೆ ಹೋಗಿದ್ದ. ಪಾಷಾ ಮಿಸ್ತ್ರಿ ಕೈ ಒರೆಸಿಕೊಂಡು ಬಂದು ಹತ್ತಿ ಕೂತರು.

ಹೋಗುವಾಗ ಅವರು ಒಂದು ಕೈಯಲ್ಲಿ ಮುಂದಿನ ಕಂಬಿ ಹಿಡಿದುಕೊಂಡಿದ್ದರು. ಕಣ್ಣು ರಸ್ತೆಯ ಮೇಲಿರಲಿಲ್ಲ, ನನ್ನ ಮೇಲಿತ್ತು. ನನ್ನ ಬೆನ್ನು ಬೆವೆತು ಸೀಟಿಗೆ ಅಂಟಿತ್ತು. ಎದುರಿಗೆ ಲಾರಿ ಬಂದಾಗ ಇಬ್ಬರೂ ಉಸಿರು ಹಿಡಿದೆವು. ಕೊರಟಗೆರೆಯಲ್ಲಿ ಟೀ ಕುಡಿದೆವು.

ವಾಪಸ್ಸು ಬರುವಾಗ ಬಿಸಿಲು ಇಳಿದಿತ್ತು. ನಾಲ್ಕೈದು ಮೈಲಿ ಬಂದ ಮೇಲೆ ಪಕ್ಕದಿಂದ ಸಣ್ಣಗೆ ಗೊರಕೆ ಕೇಳಿಸಿತು. ತಿರುಗಿ ನೋಡಿದೆ. ಪಾಷಾ ಮಿಸ್ತ್ರಿ ಕಂಬಿ ಬಿಟ್ಟು, ಕೈ ಕಟ್ಟಿ, ತಲೆಯನ್ನು ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದರು. ನಾನು ಗೇರು ಬದಲಿಸುವಾಗ ಸದ್ದಾಗದಂತೆ ಬದಲಿಸಿದೆ. ಹಳ್ಳದಿಣ್ಣೆ ಇದ್ದಲ್ಲಿ ಬಸ್ಸನ್ನು ನಿಧಾನಕ್ಕೆ ಇಳಿಸಿ ಹತ್ತಿಸಿದೆ. ಮಧುಗಿರಿ ಬೆಟ್ಟ ಕಂಡು, ಸ್ಟ್ಯಾಂಡಿನೊಳಗೆ ಬಂದು ಇಂಜಿನ್ ನಿಲ್ಲಿಸುವವರೆಗೂ ಅವರು ಏಳಲಿಲ್ಲ.